ನಡಿಗೆ 10 ನಿಮಿಷ, 1-1-1, ಊಟ ಆದ ಮೇಲೆ

(ಶಿವಮೊಗ್ಗದಲ್ಲಿ ಹಿರಿಯರ ಒಂದು ಬಳಗದವರು ಕರೆದಾಗ ಆಡಿದ ಮಾತುಗಳಿವು. ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು ಬರೆದಿದ್ದೇನೆ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿಸಿದ್ದೇನೆ, ಅಂದು ನೆನಪಾಗದ ಒಂದೆರಡು ಅಂಕಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ಗಂಟೆ ಕೂರುವುದು ಕಷ್ಟ ಅಂತ ನನಗೆ ಗೊತ್ತು. ಮಧ್ಯೆ ಯಾರಿಗಾದರೂ ಎದ್ದು ಹಿಂದೆ ಓಡಾಡಬೇಕು ಅನ್ನಿಸಿದರೆ ಓಡಾಡಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಇವತ್ತಿನ ವಿಷಯವೇ ಅದು.

ಕೆಲವು ವರ್ಷದ ಹಿಂದೆ ನಮ್ಮ ಕ್ಲಿನಿಕ್ ಪಕ್ಕದ ಮೆಡಿಕಲ್ ಶಾಪಿನ ಹುಡುಗ ಒಂದು ಚೀಟಿ ಹಿಡಿದುಕೊಂಡು ಒಳಗೆ ಬಂದ. "ಸಾರ್, ಇದರಲ್ಲಿ ಮೂರನೇದು ಯಾವ ಕಂಪನಿದು? ನಮ್ಮಲ್ಲಿ ಸ್ಟಾಕ್ ಇಲ್ಲ, ತರಿಸಬೇಕಾ?" ಅಂದ. ಚೀಟಿ ನೋಡಿದೆ. ಮೊದಲನೇ ಸಾಲು ಶುಗರ್ ಮಾತ್ರೆ, ಎರಡನೇದು ಬಿಪಿ ಮಾತ್ರೆ. ಮೂರನೇ ಸಾಲಿನಲ್ಲಿ ನಾನು ಬರೆದಿದ್ದು ಇಷ್ಟು: ನಡಿಗೆ, 10 ನಿಮಿಷ, 1-1-1, ಊಟ ಆದ ಮೇಲೆ. ನನ್ನ ಅಕ್ಷರ ಹೇಗಿದೆ ಅಂದರೆ ಕನ್ನಡದಲ್ಲಿ ಬರೆದರೂ ಅದು ಯಾವುದೋ ಮಾತ್ರೆ ಹೆಸರಿನ ಹಾಗೇ ಕಾಣುತ್ತದೆ. ಪೇಷೆಂಟ್ ಅಲ್ಲೇ ಕೌಂಟರಿನ ಮುಂದೆ ದುಡ್ಡು ಹಿಡಿದು ನಿಂತಿದ್ದರು, ಪಾಪ.

ನಕ್ಕು ಸುಮ್ಮನಾದೆವು. ಆಮೇಲೆ ರಾತ್ರಿ ಯೋಚನೆ ಬಂತು. ಆ ಯಜಮಾನರು ನಡಿಗೆಯನ್ನು ಕೊಳ್ಳುವುದಕ್ಕೂ ತಯಾರಿದ್ದರು ಅಲ್ವಾ? ಚೀಟಿಯಲ್ಲಿ ಇದೆ ಅಂದ ಮೇಲೆ ಅದು ಔಷಧಿ, ಔಷಧಿ ಅಂದ ಮೇಲೆ ತಗೊಳ್ಳಲೇಬೇಕು. ಅದೇ ಮನುಷ್ಯನಿಗೆ ಅದಕ್ಕೆ ಮುಂಚೆ ನಾಲ್ಕು ವರ್ಷ ನಾನು ಬಾಯಲ್ಲಿ "ವಾಕಿಂಗ್ ಮಾಡಿ" ಅಂತ ಹೇಳುತ್ತಲೇ ಬಂದಿದ್ದೆ. ಒಂದು ದಿನವೂ ಮಾಡಿರಲಿಲ್ಲ.

ಆ ಬಾಯಿಮಾತು ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಪೇಷೆಂಟ್ ಎದ್ದು ಬಾಗಿಲ ಹತ್ತಿರ ಹೋಗಿ ಚಪ್ಪಲಿ ಹುಡುಕುತ್ತಿರುತ್ತಾರೆ. ಮುಂದಿನವರು ಆಗಲೇ ಒಳಗೆ ಕಾಲಿಟ್ಟಿರುತ್ತಾರೆ. ಆಗ ನಮಗೆ ನೆನಪಾಗುತ್ತದೆ, ಕೂತಲ್ಲಿಂದಲೇ ಕೂಗುತ್ತೇವೆ, "ಹಾಂ, ಸ್ವಲ್ಪ ವಾಕಿಂಗ್ ಗೀಕಿಂಗ್ ಮಾಡಿ, ಎಣ್ಣೆ ಪದಾರ್ಥ ಕಮ್ಮಿ ಮಾಡಿ." ಅವರು "ಆಯ್ತು ಡಾಕ್ಟ್ರೇ" ಅನ್ನುತ್ತಾರೆ. ಮದುವೆ ಮನೆಯಲ್ಲಿ ಯಾರೋ "ನಮ್ಮನೆಗೂ ಒಂದ್ಸಲ ಬನ್ನಿ" ಅಂದಾಗ "ಆಯ್ತು" ಅನ್ನುತ್ತೇವಲ್ಲ, ಅದೇ ಜಾತಿಯ ಆಯ್ತು ಇದು. ಹೇಳಿದವರಿಗೂ ನಂಬಿಕೆ ಇಲ್ಲ, ಕೇಳಿದವರಿಗೂ ಇಲ್ಲ.

ಮಾತ್ರೆ ವಿಷಯದಲ್ಲಿ ನಾವು ಹೀಗೆ ಮಾಡುತ್ತೇವಾ? "ಸ್ವಲ್ಪ ಬಿಪಿ ಮಾತ್ರೆ ಗಿಪಿ ಮಾತ್ರೆ ತಗೊಳ್ಳಿ" ಅಂತ ಯಾವ ಡಾಕ್ಟರಾದರೂ ಹೇಳಿದ್ದುಂಟಾ? ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಬೆಳಿಗ್ಗೆನಾ ರಾತ್ರಿನಾ, ಊಟಕ್ಕೆ ಮುಂಚೆನಾ ಆಮೇಲಾ, ಎಷ್ಟು ದಿನ, ಮತ್ತೆ ಯಾವಾಗ ಬಂದು ತೋರಿಸಬೇಕು, ಎಲ್ಲ ಬರೆಯುತ್ತೇವೆ. ನಡಿಗೆಗೆ ಮಾತ್ರ ಅಳತೆ ಇಲ್ಲ, ಹೊತ್ತು ಇಲ್ಲ, ಮತ್ತೆ ಬಂದಾಗ ಕೇಳುವವರಿಲ್ಲ.

ಡಾಕ್ಟರುಗಳ ಪರವಾಗಿಯೂ ಒಂದು ಮಾತು ಹೇಳಿಬಿಡುತ್ತೇನೆ, ನಾನೂ ಆ ಪೈಕಿಯವನೇ ತಾನೇ. 2017ರಲ್ಲಿ 67 ದೇಶಗಳ ಲೆಕ್ಕ ಒಟ್ಟುಗೂಡಿಸಿ ಒಂದು ಅಧ್ಯಯನ ಬಂತು, ಮೊದಲ ಹಂತದ ಡಾಕ್ಟರ್ ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ. ಸ್ವೀಡನ್ನಿನಲ್ಲಿ ಸರಾಸರಿ 22 ನಿಮಿಷದ ಮೇಲೆ. ಬಾಂಗ್ಲಾದೇಶದಲ್ಲಿ 48 ಸೆಕೆಂಡ್. ನಮ್ಮ ದೇಶದ್ದು ಸುಮಾರು 2 ನಿಮಿಷ. ಎರಡು ನಿಮಿಷದಲ್ಲಿ ನಾಲಿಗೆ ನೋಡಿ, ಬಿಪಿ ನೋಡಿ, ಮಗಳ ಮದುವೆ ವಿಷಯ ಕೇಳಿ, ಮಾತ್ರೆ ಬರೆದರೆ ಮುಗೀತು. ಹೊರಗೆ ನಲವತ್ತು ಜನ ಕೂತಿರುತ್ತಾರೆ. ಅದರ ಮೇಲೆ, ಇಂಜೆಕ್ಷನ್ ಹಾಕದೆ ಕಳಿಸಿದರೆ ಡಾಕ್ಟರ್ ಏನೂ ಮಾಡಲಿಲ್ಲ ಅನ್ನುವವರು ಇವತ್ತಿಗೂ ಇದ್ದಾರೆ. ಅಂಥವರ ಹತ್ತಿರ ಫೀಸು ಇಸಕೊಂಡು "ನಡೀರಿ" ಅಂದರೆ, ಅವರಿಗೆ ಅದು "ಎದ್ದು ಹೋಗಿ" ಅಂದ ಹಾಗೆ ಕೇಳಿಸುತ್ತದೆ!

ಈ ಬರೆದುಕೊಡುವ ಐಡಿಯಾ ನನ್ನದಲ್ಲ. ನ್ಯೂಜಿಲೆಂಡ್‌ನವರದು. ಅಲ್ಲಿ ಎಡ್ಮಂಡ್ ಹಿಲರಿ ಹೆಸರಲ್ಲಿ ಆಟೋಟ ಮತ್ತು ಫಿಟ್‌ನೆಸ್ ನೋಡಿಕೊಳ್ಳುವ ಒಂದು ಸರ್ಕಾರಿ ಆಯೋಗ ಇತ್ತು, ಹಿಲರಿ ಕಮಿಷನ್ ಅಂತ. ಎವರೆಸ್ಟ್ ಹತ್ತಿದ ಅದೇ ಹಿಲರಿ, 80ರ ದಶಕದ ಕೊನೆಯ ವರ್ಷಗಳಲ್ಲಿ ದೆಹಲಿಯಲ್ಲಿ ನ್ಯೂಜಿಲೆಂಡಿನ ಹೈಕಮಿಷನರ್ ಆಗಿದ್ದವರು. ಆ ಆಯೋಗ 1998ರಲ್ಲಿ ದೇಶದ ತುಂಬ ಒಂದು ಯೋಜನೆ ತಂತು. ಹೆಸರು ಗ್ರೀನ್ ಪ್ರಿಸ್ಕ್ರಿಪ್ಷನ್, ಹಸಿರು ಚೀಟಿ ಅನ್ನೋಣ. ಊರಿನ ಸಾಮಾನ್ಯ ಡಾಕ್ಟರ್, ಅಂದರೆ ನಮ್ಮ ಹಾಗೆ ಶೀತ ಜ್ವರ ನೋಡುವವರು, ಮಾತ್ರೆ ಬರೆದ ಹಾಗೇ ಚೀಟಿಯಲ್ಲಿ ವ್ಯಾಯಾಮ ಬರೆಯಬೇಕು. ಏನು, ಎಷ್ಟು ಹೊತ್ತು, ವಾರಕ್ಕೆ ಎಷ್ಟು ಸಲ. ರೋಗಿಯ ಹತ್ತಿರ ಕೇಳಿ, ಒಪ್ಪಿಸಿ, ಬರೆಯಬೇಕು.

ಕಾಗದದಲ್ಲಿ ಬರೆದರೆ ಏನು ಮಹಾ ವ್ಯತ್ಯಾಸ ಅಂತ ನಿಮಗೆ ಅನ್ನಿಸಬಹುದು. ಅವರಿಗೂ ಅನುಮಾನ ಇತ್ತು, ಅದಕ್ಕೇ ಪರೀಕ್ಷೆ ಮಾಡಿದರು. ಮೈ ಬಗ್ಗಿಸದ 491 ಜನರನ್ನು ತಗೊಂಡು, ಅರ್ಧ ಜನಕ್ಕೆ ಡಾಕ್ಟರ್ ಬಾಯಲ್ಲಿ ಮಾತ್ರ ಹೇಳಿದರು, ಉಳಿದ ಅರ್ಧಕ್ಕೆ ಅದೇ ಮಾತನ್ನೇ ಹೇಳಿ ಚೀಟಿಯನ್ನೂ ಬರೆದುಕೊಟ್ಟರು. ಆರು ವಾರ ಆದ ಮೇಲೆ ನೋಡಿದರೆ ಬಾಯಿಮಾತಿನ ಗುಂಪಿನಲ್ಲಿ 100ಕ್ಕೆ 63 ಜನ ಮುಂಚಿಗಿಂತ ಜಾಸ್ತಿ ಓಡಾಡುತ್ತಿದ್ದರು. ಚೀಟಿ ಗುಂಪಿನಲ್ಲಿ 73. ಇದು 1998ರಲ್ಲಿ ಪ್ರಕಟ ಆಯಿತು. ಒಂದು ತುಂಡು ಕಾಗದದ ಬೆಲೆ ನೂರಕ್ಕೆ ಹತ್ತು ಜನ. ನನಗೆ ಇದರಲ್ಲಿ ಆಶ್ಚರ್ಯ ಆಗಿದ್ದು 73 ಅಲ್ಲ, 63. ಕೂತು, ಮುಖ ನೋಡಿ, ಸರಿಯಾಗಿ ಹೇಳಿದರೆ ಬಾಯಿಮಾತೂ ಅಷ್ಟು ಕೆಲಸ ಮಾಡುತ್ತದೆ. ಬಾಗಿಲಿಂದ ಹೊರಗೆ ಹೋಗುವವರಿಗೆ ಕೂಗಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಆರು ವಾರ ದೊಡ್ಡದಲ್ಲ. ಯುಗಾದಿಗೆ ಶುರು ಮಾಡಿದ ವಾಕಿಂಗು ತಿಂಗಳೊಪ್ಪತ್ತು ಎಲ್ಲರದೂ ನಡೆಯುತ್ತದೆ. ಆಮೇಲೆ ಏನು ಅನ್ನುವುದು ಪ್ರಶ್ನೆ.

ಅದನ್ನೂ ನೋಡಿದರು. ವೈಕಾಟೋ ಅನ್ನುವ ಕಡೆ 42 ಕ್ಲಿನಿಕ್ಕುಗಳು, 40ರಿಂದ 79 ವರ್ಷದ 878 ಜನ, ಒಂದು ವರ್ಷ ಪೂರ್ತಿ. 2003ರಲ್ಲಿ ಫಲಿತಾಂಶ ಬಂತು. ಇಲ್ಲಿ ಚೀಟಿ ಬರೆದು ಕೈ ತೊಳೆದುಕೊಳ್ಳಲಿಲ್ಲ. ಚೀಟಿಯ ಒಂದು ಪ್ರತಿ ಆ ಊರಿನ ಕ್ರೀಡಾ ಸಂಸ್ಥೆಗೆ ಹೋಗುತ್ತಿತ್ತು, ಅಲ್ಲಿಯವರು ಮೂರು ತಿಂಗಳಲ್ಲಿ ಕನಿಷ್ಠ ಮೂರು ಸಲ ಫೋನ್ ಮಾಡುತ್ತಿದ್ದರು. "ಹೇಗೆ ನಡೀತಿದೆ? ಮಂಡಿ ನೋವಾ? ಹಾಗಾದರೆ ಈಜಿಗೆ ಬರ್ತೀರಾ?" ಹೀಗೆ, ಹತ್ತಿಪ್ಪತ್ತು ನಿಮಿಷ ಮಾತು. ವರ್ಷ ಮುಗಿದಾಗ ವಾರಕ್ಕೆ ಎರಡೂವರೆ ಗಂಟೆ ವ್ಯಾಯಾಮ ಮುಟ್ಟಿದವರ ಪ್ರಮಾಣ ಚೀಟಿ ಗುಂಪಿನಲ್ಲಿ 100ಕ್ಕೆ ಸುಮಾರು 15ರಷ್ಟು ಏರಿತ್ತು, ಚೀಟಿ ಇಲ್ಲದ ಗುಂಪಿನಲ್ಲಿ 5ರಷ್ಟು. ಸುಲಭ ಲೆಕ್ಕದಲ್ಲಿ ಹೇಳಬೇಕು ಅಂದರೆ, ಹತ್ತು ಚೀಟಿ ಬರೆದರೆ ಒಂದು ವರ್ಷದ ಮೇಲೆ ಒಬ್ಬರು ನಿಜವಾಗಿ ನಡೆಯುತ್ತಿರುತ್ತಾರೆ.

ಹತ್ತಕ್ಕೆ ಒಬ್ಬರೇನಾ ಅಂತ ಮೂಗು ಮುರಿಯಬೇಡಿ. ನಿಮ್ಮಲ್ಲಿ ಬಿಪಿ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ ತಗೊಳ್ಳುವವರು ಎಷ್ಟು ಜನ ಇದ್ದೀರಿ? ಹತ್ತು ಜನ ವರ್ಷಗಟ್ಟಲೆ ನುಂಗಿದರೆ ಎಷ್ಟು ಜನರ ಹಾರ್ಟ್ ಅಟ್ಯಾಕ್ ತಪ್ಪುತ್ತದೆ ಅಂತ ನಾವು ನಿಮಗೆ ಹೇಳುವುದೇ ಇಲ್ಲ. ಹೇಳಿದರೆ ನೀವು ಅಂಗಡಿಗೆ ಹೋಗಲಾರಿರಿ. (ಮಾತ್ರೆ ಬಿಡಬೇಡಿ. ನಾಳೆ ಬೆಳಿಗ್ಗೆ ಯಾರೂ ಬಂದು "ನೀವೇ ಹೇಳಿದಿರಿ" ಅನ್ನಬೇಡಿ.)

ಇನ್ನು ಇದರ ಇನ್ನೊಂದು ಮುಖ. ನಾನು ಚೀಟಿ ಮಾರಲು ಬಂದವನಲ್ಲ, ಆದ್ದರಿಂದ ಅದನ್ನೂ ಹೇಳಬೇಕು. ಅದೇ ವೈಕಾಟೋ ಪರೀಕ್ಷೆಯಲ್ಲಿ ಬಿಪಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2008ರಲ್ಲಿ ಅದೇ ದೇಶದ ವೆಲ್ಲಿಂಗ್ಟನ್ನಿನಲ್ಲಿ 40ರಿಂದ 74 ವರ್ಷದ ಸಾವಿರ ಚಿಲ್ಲರೆ ಹೆಂಗಸರ ಮೇಲೆ ನಡೆದ ಎರಡು ವರ್ಷದ ಪರೀಕ್ಷೆ ಹೊರಬಂತು. ಅವರು ಜಾಸ್ತಿ ನಡೆದರು, ನಿಜ. ಜೊತೆಗೆ ಜಾಸ್ತಿ ಬಿದ್ದರು, ಜಾಸ್ತಿ ಪೆಟ್ಟು ಮಾಡಿಕೊಂಡರು. ಔಷಧಿ ಅಂದ ಮೇಲೆ ಸೈಡ್ ಎಫೆಕ್ಟ್ ಇರಬೇಕಲ್ಲ. ಇಂಗ್ಲೆಂಡಿನಲ್ಲಿ ಇನ್ನೊಂದು ಥರ, ಅಲ್ಲಿ ಡಾಕ್ಟರುಗಳು ಜಿಮ್ಮಿಗೆ ಬರೆದುಕೊಡುವ ಪದ್ಧತಿ 1990ರ ಸುಮಾರಿಗೇ ಶುರುವಾಗಿತ್ತು. 2014ರಲ್ಲಿ ಅಲ್ಲಿಯ ಸರ್ಕಾರಕ್ಕೆ ಸಲಹೆ ಕೊಡುವ ಸಂಸ್ಥೆ ನೈಸ್, ಬೇರೆ ಕಾಯಿಲೆ ಏನೂ ಇಲ್ಲದೆ ಸುಮ್ನೆ ಸೋಮಾರಿಗಳಾಗಿರುವವರಿಗೆ ಇದಕ್ಕೆ ದುಡ್ಡು ಖರ್ಚು ಮಾಡಬೇಡಿ ಅಂತ ಹೇಳಿಬಿಟ್ಟಿತು. ನನಗೆ ಅದು ಸರಿ ಅನ್ನಿಸುತ್ತದೆ. ಜಿಮ್ಮಿಗೆ ಕಳಿಸುವುದು ಬೇರೆ, ಮನೆ ಮುಂದಿನ ರಸ್ತೆಗೆ ಇಳಿಸುವುದು ಬೇರೆ.

ನಮ್ಮ ಜನಕ್ಕೆ ಇದು ಹಿಡಿಸುತ್ತದಾ? ಇದಕ್ಕೆ ಉತ್ತರ ಚೆನ್ನೈನಲ್ಲಿ ಸಿಗುತ್ತದೆ. ಡಾ. ಎ. ರಾಮಚಂದ್ರನ್ ಅಂತ ಹೆಸರಾದ ಮಧುಮೇಹ ತಜ್ಞರು, ಅವರ ತಂಡ ಬಾರ್ಡರ್ ಶುಗರ್ ಇದ್ದ 531 ಜನರನ್ನು ಮೂರು ವರ್ಷ ನೋಡಿಕೊಂಡಿತು. ನಾಲ್ಕು ಗುಂಪು. ಒಂದಕ್ಕೆ ಮಾಮೂಲಿ ಸಲಹೆ. ಒಂದಕ್ಕೆ ದಿನಾ ಅರ್ಧ ಗಂಟೆ ನಡಿಗೆ ಮತ್ತು ಊಟದ ಪಥ್ಯ, ಬೆನ್ನುಬಿಡದೆ ಕೇಳುತ್ತಾ. ಒಂದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ. ನಾಲ್ಕನೇದಕ್ಕೆ ಎರಡೂ. 2006ರಲ್ಲಿ ಲೆಕ್ಕ ಬಂತು. ಮಾಮೂಲಿ ಗುಂಪಿನಲ್ಲಿ ಮೂರು ವರ್ಷಕ್ಕೆ 100ರಲ್ಲಿ 55 ಜನಕ್ಕೆ ಸಕ್ಕರೆ ಕಾಯಿಲೆ ಬಂದೇಬಿಟ್ಟಿತ್ತು. ನಡಿಗೆ, ಪಥ್ಯದವರಲ್ಲಿ 39. ಮಾತ್ರೆಯವರಲ್ಲಿ 40ರ ಮೇಲೆ ಒಂದಿಷ್ಟು. ಎರಡೂ ಮಾಡಿದವರಲ್ಲೂ ಅಷ್ಟೇ, 39 ಚಿಲ್ಲರೆ. ಅಂದರೆ ನಡಿಗೆ ಮಾತ್ರೆಗೆ ಸಮ ನಿಂತಿತು. ಅಮೆರಿಕದಲ್ಲಿ 2002ರಲ್ಲಿ ಬಂದ ಇಂಥದ್ದೇ ಪರೀಕ್ಷೆಯಲ್ಲಿ ನಡಿಗೆ ಮಾತ್ರೆಯನ್ನು ಸೋಲಿಸಿಯೇ ಬಿಟ್ಟಿತ್ತು, ಅಲ್ಲಿ ವಾರಕ್ಕೆ 150 ನಿಮಿಷದ ನಡಿಗೆ ಮತ್ತು ತೂಕ ಇಳಿಸುವುದರಿಂದ ಕಾಯಿಲೆ ಬರುವುದು 58 ಪರ್ಸೆಂಟ್ ಕಮ್ಮಿಯಾದರೆ ಮಾತ್ರೆಯಿಂದ 31. ನಮ್ಮವರಲ್ಲಿ ಅಷ್ಟು ಸಿಗಲಿಲ್ಲ. ನಮ್ಮವರಿಗೆ ತೂಕ ಕಮ್ಮಿ ಇದ್ದಾಗಲೂ ಶುಗರ್ ಬರುತ್ತದೆ, ಇಳಿಸುವುದಕ್ಕೆ ಅಲ್ಲಿಯವರಷ್ಟು ಮೈಯೂ ಇರುವುದಿಲ್ಲ.

2023ರಲ್ಲಿ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಬೆಂಬಲದ ದೊಡ್ಡ ಸಮೀಕ್ಷೆ ಹೇಳಿದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆ, ಬಾರ್ಡರಿನಲ್ಲಿ ಕೂತವರು 13 ಕೋಟಿ 60 ಲಕ್ಷ. ಆ ಬಾರ್ಡರಿನವರೇ ನನ್ನ ಚೀಟಿಯ ಮುಖ್ಯ ಗಿರಾಕಿಗಳು.

ಕಾಲಿಗೆ ಇಷ್ಟು ಶಕ್ತಿ ಇದೆ ಅಂತ ಮೊದಲು ಲೆಕ್ಕ ಹಾಕಿ ತೋರಿಸಿದವರ ಕಥೆ ನನಗೆ ತುಂಬ ಇಷ್ಟ. ಜೆರ್ರಿ ಮಾರಿಸ್ ಅಂತ ಲಂಡನ್ನಿನ ಡಾಕ್ಟರು. ಅವರು ಹಿಡಿದಿದ್ದು ಬಸ್ಸನ್ನು. ಲಂಡನ್ನಿನ ಎರಡಂತಸ್ತಿನ ಬಸ್ಸಿನಲ್ಲಿ ಡ್ರೈವರ್ ದಿನವಿಡೀ ಕೂತಿರುತ್ತಿದ್ದ, ಕಂಡಕ್ಟರ್ ಟಿಕೆಟ್ ಕೊಡಲು ಹತ್ತಿ ಇಳಿದು ಹತ್ತಿ ಇಳಿದು ದಿನಕ್ಕೆ ಐನೂರು, ಏಳುನೂರು ಮೆಟ್ಟಿಲು ಹತ್ತುತ್ತಿದ್ದ. ಇಬ್ಬರದೂ ಒಂದೇ ಬಸ್ಸು, ಒಂದೇ ಥರದ ಮನೆ, ಹೆಚ್ಚುಕಮ್ಮಿ ಒಂದೇ ಸಂಬಳ. 1953ರಲ್ಲಿ ಅವರ ಲೆಕ್ಕ ಪ್ರಕಟವಾಯಿತು: ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಮ್ಮಿ, ಬಂದರೂ ತಡವಾಗಿ, ಬಂದ ಮೇಲೂ ಸಾಯುವವರು ಕಮ್ಮಿ. ಜನ ನಂಬಲಿಲ್ಲ, ದಪ್ಪಗಿರುವವರೇ ಡ್ರೈವರ್ ಕೆಲಸಕ್ಕೆ ಸೇರುತ್ತಾರೇನೋ ಅಂದರು. ಮಾರಿಸ್ ಏನು ಮಾಡಿದರು ಗೊತ್ತಾ, ಬಸ್ ಕಂಪನಿಯ ಯೂನಿಫಾರಂ ಲೆಕ್ಕ ತರಿಸಿ ಪ್ಯಾಂಟಿನ ಸೊಂಟದ ಅಳತೆಗಳನ್ನು ನೋಡಿದರು! ಡ್ರೈವರುಗಳ ಸೊಂಟ ದಪ್ಪ ಇದ್ದಿದ್ದು ನಿಜ, ಆದರೆ ಕಾಯಿಲೆಯ ವ್ಯತ್ಯಾಸ ಪೂರ್ತಿ ಅದರಿಂದಲೇ ಅಂತ ಹೇಳಲು ಆಗಲಿಲ್ಲ. ಸ್ವತಃ ಮಾರಿಸ್ ಬದುಕಿದ್ದು 99 ವರ್ಷ. ಇವತ್ತು ನಮ್ಮಲ್ಲಿ ಅವರು ಈ ಪರೀಕ್ಷೆ ಮಾಡಲು ಹೊರಟರೆ ಕಷ್ಟ ಆಗುತ್ತಿತ್ತು, ಎಷ್ಟೋ ಬಸ್ಸುಗಳಲ್ಲಿ ಡ್ರೈವರ್ ಕಮ್ ಕಂಡಕ್ಟರ್ ಒಬ್ಬರೇ.

ಸರಿ, ನಾನು ಹೇಗೆ ಬರೆಯುತ್ತೇನೆ ಅಂತ ಹೇಳುತ್ತೇನೆ.

ಮೊದಲು ಕೇಳುತ್ತೇನೆ, ಏರು ಹತ್ತಿದರೆ ಎದೆ ಹಿಡಿದ ಹಾಗಾಗುತ್ತದಾ, ಎಡ ತೋಳಿಗೋ ದವಡೆಗೋ ನೋವು ಬರುತ್ತದಾ, ತಲೆ ತಿರುಗಿ ಬಿದ್ದದ್ದುಂಟಾ? ಹೌದು ಅಂದರೆ ಚೀಟಿ ಇಲ್ಲ, ಮೊದಲು ಇಸಿಜಿ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ಥರದ ಮಾತ್ರೆಯವರು ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಒಂದು ಗಂಟೆ ನಡೆದರೆ ಶುಗರ್ ಇಳಿದು ದಾರಿಯಲ್ಲೇ ಕೂತುಬಿಡುತ್ತಾರೆ, ಅವರಿಗೆ ತಿಂಡಿ ಆದ ಮೇಲೆ ನಡೆಯಿರಿ, ಜೇಬಲ್ಲಿ ಸಕ್ಕರೆ ಪೊಟ್ಟಣ ಇಟ್ಟುಕೊಳ್ಳಿ ಅಂತ ಬರೆಯುತ್ತೇನೆ. ಪಾದ ನೋಡುತ್ತೇನೆ. ಅಂಗಾಲಿಗೆ ಸ್ಪರ್ಶ ಕಮ್ಮಿ ಆಗಿದ್ದರೆ ಹವಾಯಿ ಚಪ್ಪಲಿ ಕೂಡದು, ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿಯೋ ಒಳ್ಳೆ ಶೂನೋ. ದೇವಸ್ಥಾನಕ್ಕೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುತ್ತೀನಿ, ಅದೇ ವಾಕಿಂಗ್ ಅನ್ನುವವರಿಗೆ, ಬೆಳಿಗ್ಗೆ ತಂಪು ಹೊತ್ತಲ್ಲಿ ಹಾಕಿ ಅನ್ನುತ್ತೇನೆ. ಮಧ್ಯಾಹ್ನದ ಕಲ್ಲು ಸುಟ್ಟು ಬೊಬ್ಬೆ ಎದ್ದದ್ದೇ ಗೊತ್ತಾಗದೆ ಬಂದವರನ್ನು ನೋಡಿದ್ದೇನೆ.

ಆಮೇಲೆ ಅಳತೆ. ಈ 1-1-1 ಎಲ್ಲಿಂದ ಬಂತು ಅಂದರೆ ಅದೂ ನ್ಯೂಜಿಲೆಂಡಿನಿಂದಲೇ, ಡನೀಡನ್ ಊರಿನ ಒಟಾಗೋ ವಿಶ್ವವಿದ್ಯಾಲಯದಿಂದ. 41 ಸಕ್ಕರೆ ಕಾಯಿಲೆಯವರಿಗೆ ಎರಡು ವಾರ ದಿನಕ್ಕೊಮ್ಮೆ ಅರ್ಧ ಗಂಟೆ ನಡೆಸಿದರು, ಇನ್ನೆರಡು ವಾರ ಮೂರೂ ಹೊತ್ತು ಊಟ ಆದ ಮೇಲೆ ಹತ್ತತ್ತು ನಿಮಿಷ. ಒಟ್ಟು ನಡಿಗೆ ಒಂದೇ. ಆದರೆ ಊಟದ ನಂತರ ಏರುವ ಶುಗರ್, ಮೂರು ತುಂಡು ಮಾಡಿದಾಗ 12 ಪರ್ಸೆಂಟ್ ಕಮ್ಮಿ, ಅದರಲ್ಲೂ ರಾತ್ರಿ ಊಟದ ಮೇಲೆ 22 ಪರ್ಸೆಂಟ್ ಕಮ್ಮಿ. 2016ರಲ್ಲಿ ಇದನ್ನು ಓದಿದಾಗ ನನಗೆ ನಗು ಬಂತು, ಉಂಡ ಮೇಲೆ ನೂರು ಹೆಜ್ಜೆ ಹಾಕು ಅಂತ ನಮ್ಮಜ್ಜಿ ಗದರುತ್ತಿದ್ದರು. ಅಜ್ಜಿಯ ನೂರು ಹೆಜ್ಜೆ ಒಂದು ನಿಮಿಷಕ್ಕೆ ಮುಗಿಯುತ್ತದೆ, ಡೋಸ್ ಸ್ವಲ್ಪ ಕಮ್ಮಿ. ಸೂತ್ರ ಮಾತ್ರ ಸರಿ. ಹತ್ತು ನಿಮಿಷ ಅಂದರೆ ಯಾರೂ "ಟೈಮಿಲ್ಲ" ಅನ್ನುವುದಿಲ್ಲ, ಅನ್ನಲು ಅವರಿಗೇ ನಾಚಿಕೆ. ವೇಗ ಎಷ್ಟು ಅಂತ ಕೇಳಿದರೆ, ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟೇ.

ಎಲ್ಲರಿಗೂ ಬರೆಯುವುದಿಲ್ಲ. ಗದ್ದೆಯಲ್ಲಿ ನಾಟಿ ಮಾಡಿ ಬರುವ ಹೆಂಗಸಿಗೆ, ಲಾರಿಗೆ ಮೂಟೆ ಹೊರುವವನಿಗೆ ವಾಕಿಂಗ್ ಬರೆದರೆ ಅವರು ನನ್ನನ್ನು ಹುಚ್ಚ ಅಂದುಕೊಳ್ಳುತ್ತಾರೆ, ಸರಿಯಾಗಿಯೇ ಅಂದುಕೊಳ್ಳುತ್ತಾರೆ. ಚೆನ್ನೈನವರೂ ಹಾಗೇ ಮಾಡಿದ್ದು, ಮೈಮುರಿದು ದುಡಿಯುವವರಿಗೆ ಮಾಡುತ್ತಿರುವುದನ್ನೇ ಮುಂದುವರಿಸಿ ಅಂದರು. ಆದರೆ ದಣಿವು ಬೇರೆ, ಓಡಾಟ ಬೇರೆ. ಇದು ನನಗೆ ಗೊತ್ತಾಗಿದ್ದು ಅಡಿಕೆ ಸುಲಿಯುವವರಿಂದ. ಸೀಸನ್ನಿನಲ್ಲಿ ಬೆಳಿಗ್ಗೆ ಕೂತರೆ ರಾತ್ರಿ ಹತ್ತಕ್ಕೆ ಏಳುತ್ತಾರೆ. ಕೈ ಬಿದ್ದುಹೋಗುತ್ತದೆ, ಸೊಂಟ ಹಿಡಿಯುತ್ತದೆ. ಕಾಲು ಮಾತ್ರ ಎರಡು ಹೆಜ್ಜೆ ಇಟ್ಟಿರುವುದಿಲ್ಲ. "ಇಷ್ಟು ದುಡಿದೂ ಶುಗರ್ ಯಾಕೆ ಡಾಕ್ಟ್ರೇ?" ಅಂತ ಒಬ್ಬಾಕೆ ಕೇಳಿದಾಗ ನನಗೆ ಉತ್ತರಕ್ಕೆ ಒಂದು ನಿಮಿಷ ಬೇಕಾಯಿತು. ಟೈಲರುಗಳದೂ ಇದೇ ಕಥೆ. ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಎರಡು ಸುತ್ತು ಅಂತ ಅವರಿಗೆ ಬರೆಯುತ್ತೇನೆ.

2024ರಲ್ಲಿ ಬಂದ ಒಂದು ಲೆಕ್ಕದ ಪ್ರಕಾರ ನಮ್ಮ ದೇಶದ ದೊಡ್ಡವರಲ್ಲಿ ಅರ್ಧಕ್ಕರ್ಧ ಜನ ಬೇಕಾದಷ್ಟು ಓಡಾಡುವುದಿಲ್ಲ. ಗಂಡಸರಲ್ಲಿ 100ಕ್ಕೆ 42, ಹೆಂಗಸರಲ್ಲಿ 57. ಇದನ್ನು ಹೇಳಿದರೆ ಗಂಡಸರು ಹೆಂಡತಿ ಮುಖ ನೋಡುತ್ತಾರೆ. ನೋಡುವ ಮೊದಲು, ರಾತ್ರಿ ಊಟ ಆದ ಮೇಲೆ ಪಾತ್ರೆ ಯಾರು ತೊಳೆಯುತ್ತಾರೆ ಅಂತ ಯೋಚನೆ ಮಾಡಿ. ಆಕೆ ಹತ್ತು ನಿಮಿಷ ಹೊರಗೆ ಹೋಗಬೇಕಾದರೆ ಆ ಪಾತ್ರೆ ಬೇರೆ ಯಾರಾದರೂ ತೊಳೆಯಬೇಕು. ಒಂದು ಮನೆಗೆ ನಾನು ಚೀಟಿಯಲ್ಲೇ ಬರೆದುಕೊಟ್ಟಿದ್ದೆ, "ರಾತ್ರಿ 8ರಿಂದ 8.10: ಅಮ್ಮ ನಡಿಗೆ, ಮಗ ಪಾತ್ರೆ." ಮಗ ಇಪ್ಪತ್ತೈದರ ಹುಡುಗ, ಮುಖ ಕೆಂಪಗಾಯಿತು. ತೊಳೆದ ಅಂತ ಆಕೆ ಹೇಳಿದರು, ಎಷ್ಟು ದಿನ ಅಂತ ನಾನು ಕೇಳಲಿಲ್ಲ.

ಮಂಡಿ ಸವೆದಿದೆ ಅನ್ನುವವರಿಗೆ ಒಂದು ಮಾತು. ಮಂಡಿ ಬಸ್ಸಿನ ಟೈರಲ್ಲ, ಬಳಸದೆ ಇಟ್ಟರೆ ಉಳಿಯುವುದಕ್ಕೆ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ನೋವು ಕಮ್ಮಿ. ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಮಾಡಿ ಹತ್ತು ಎಣಿಸುವ ತನಕ ಹಿಡಿಯಿರಿ, ಇಳಿಸಿ, ಇನ್ನೊಂದು ಕಾಲು. ಈಗಲೇ ಮಾಡಿ ನೋಡಿ, ಎಲ್ಲರೂ. ಹಾಂ, ಮುಂದಿನವರ ಕುರ್ಚಿಗೆ ಒದೆಯಬೇಡಿ.

ಎಂಬತ್ತು ದಾಟಿದವರಿಗೆ ನಾನು ನಡಿಗೆಗಿಂತ ಮುಂಚೆ ಇದನ್ನೇ ಬರೆಯುವುದು, ಕಾಲಿನ ಶಕ್ತಿ ಮತ್ತು ಬ್ಯಾಲೆನ್ಸು. ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಒಟಾಗೋದವರೇ 90ರ ದಶಕದಲ್ಲಿ ಮನೆಯಲ್ಲೇ ಮಾಡುವ ಒಂದು ಸರಣಿ ಮಾಡಿಕೊಟ್ಟರು, ಕಾಲಿಗೆ ಸಣ್ಣ ತೂಕ ಕಟ್ಟಿ ಎತ್ತುವುದು, ಗೋಡೆ ಹಿಡಿದು ಒಂದೇ ಕಾಲಲ್ಲಿ ನಿಲ್ಲುವುದು, ಒಂದು ಕಾಲಿನ ಬೆರಳ ಮುಂದೆ ಇನ್ನೊಂದರ ಹಿಮ್ಮಡಿ ಇಟ್ಟು ನಡೆಯುವುದು, ಇಂಥವು. ಬೀಳುವುದು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಕಮ್ಮಿಯಾಯಿತು. ವೆಲ್ಲಿಂಗ್ಟನ್ನಿನ ಹೆಂಗಸರು ಜಾಸ್ತಿ ಬಿದ್ದರು ಅಂದೆನಲ್ಲ, ಇಲ್ಲಿ ಕಮ್ಮಿ ಬಿದ್ದರು. ಯಾರಿಗೆ ಯಾವುದು ಅಂತ ನೋಡಿ ಬರೆಯಬೇಕು ಅನ್ನುವುದು ಇದಕ್ಕೇ.

ಈಗ ನನ್ನ ಸೋಲಿನ ಕಥೆ. ಚೀಟಿ ಬರೆಯಲು ಶುರು ಮಾಡಿದ ಹೊಸತು, ಭಾರಿ ಹುರುಪು. ಒಬ್ಬ ರಿಟೈರ್ಡ್ ಮೇಷ್ಟ್ರಿಗೆ ದುಂಡಗೆ, ಓದಲು ಬರುವ ಹಾಗೆ ಬರೆದುಕೊಟ್ಟೆ. ಆರು ತಿಂಗಳ ಮೇಲೆ ಅವರ ಪತ್ನಿಗೆ ಜ್ವರ ಅಂತ ಮನೆಗೆ ಹೋದೆ. ನೋಡಿದರೆ ನನ್ನ ಚೀಟಿ ಲ್ಯಾಮಿನೇಷನ್ ಆಗಿ ದೇವರ ಫೋಟೋ ಪಕ್ಕದಲ್ಲಿ ತೂಗುತ್ತಿದೆ, ಕುಂಕುಮ ಒಂದು ಇಟ್ಟಿಲ್ಲ ಅಷ್ಟೇ. "ಮೇಷ್ಟ್ರೇ, ನಡೀತಿದ್ದೀರಾ?" ಅಂದೆ. "ಮೊದಲನೇ ವಾರ ಹೋದೆ ಡಾಕ್ಟ್ರೇ. ಆಮೇಲೆ ನೀವೂ ಕೇಳಲಿಲ್ಲ" ಅಂದರು.

ನೀವೂ ಕೇಳಲಿಲ್ಲ. ನಿಜ. ಮೂರು ಸಲ ಕ್ಲಿನಿಕ್ಕಿಗೆ ಬಂದಿದ್ದರು, ಮೂರು ಸಲವೂ ಶುಗರ್ ರಿಪೋರ್ಟ್ ನೋಡಿ ಮಾತ್ರೆ ಜಾಸ್ತಿ ಮಾಡಿ ಕಳಿಸಿದ್ದೆ. ಆ ಮೂರನೇ ಸಾಲು ಏನಾಯಿತು ಅಂತ ಕೇಳಿರಲಿಲ್ಲ. ವೈಕಾಟೋದಲ್ಲಿ ಒಂದು ವರ್ಷ ತಡೆದಿದ್ದು ಬರೀ ಚೀಟಿಯಿಂದಲ್ಲ, ಆ ಮೂರು ಫೋನಿನಿಂದ ಅಂತ ನನಗೆ ಅನ್ನಿಸಿದ್ದು ಅವತ್ತು.

ಈಗ ನಮ್ಮ ಕ್ಲಿನಿಕ್ಕಿನಲ್ಲಿ ನಂಬರ್ ಕೊಡುವ ಹುಡುಗಿ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದಾಳೆ. ಚೀಟಿ ಸಿಕ್ಕವರ ಹೆಸರು, ತಾರೀಕು. ಎರಡು ವಾರಕ್ಕೆ ಒಂದು ಫೋನು, ಆಮೇಲೆ ತಿಂಗಳಿಗೊಂದರ ಹಾಗೆ ಎರಡು. ಮಧ್ಯಾಹ್ನ ಜನ ಕಮ್ಮಿ ಇರುವ ಹೊತ್ತಿನಲ್ಲಿ ಮಾಡುತ್ತಾಳೆ. ನಾನು ಮಾಡಿದರೆ ಎಲ್ಲರೂ "ಮಾಡ್ತಿದ್ದೀನಿ ಸಾರ್" ಅಂತ ಸುಳ್ಳು ಹೇಳುತ್ತಾರೆ. ಅವಳಿಗೆ ನಿಜ ಹೇಳುತ್ತಾರೆ. "ನಾಯಿ ಕಾಟ ಕಣಮ್ಮ", "ಫುಟ್‌ಪಾತ್ ಮೇಲೆ ಬೈಕ್ ನಿಲ್ಲಿಸ್ತಾರೆ", "ಸೊಸೆ ಬಾಣಂತಿ, ಹೊರಗೆ ಹೋಗಕ್ಕಾಗ್ತಿಲ್ಲ". ಗಾಂಧಿ ಪಾರ್ಕ್ ಹತ್ತಿರ ಮನೆ ಇದ್ದವರ ಪಾಡು ಒಂದು, ಚರಂಡಿ ಮೇಲಿನ ಚಪ್ಪಡಿ ಎದ್ದುಹೋದ ಬೀದಿಯವರ ಪಾಡು ಇನ್ನೊಂದು. ಚಪ್ಪಡಿ ಹಾಕಿಸುವುದು ನನ್ನ ಚೀಟಿಯಿಂದ ಆಗುವ ಕೆಲಸ ಅಲ್ಲ, ನೀವು ಇಷ್ಟು ಜನ ಇದ್ದೀರಿ, ಒಟ್ಟಿಗೆ ಹೋಗಿ ಪಾಲಿಕೆಯಲ್ಲಿ ಕೇಳಿ. ನಾನೂ ಬರುತ್ತೇನೆ, ಸೋಮವಾರ ಮಾತ್ರ ಬೇಡ.

ಪ್ರಶ್ನೆ ಕೇಳಲು ಟೈಮ್ ಬಿಡಬೇಕು ಅಂತ ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ.

ಮುಂದಿನ ಸಾಲಿನ ಹಿರಿಯರೊಬ್ಬರು ಕೈಗಡಿಯಾರ ತೋರಿಸಿ, ಮಗ ಅಮೆರಿಕದಿಂದ ಕಳಿಸಿದ್ದಾನೆ, ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗದಿದ್ದರೆ ಕುಟುಕುತ್ತದೆ, ಏನು ಮಾಡಲಿ ಅಂದರು. ಆ ಹತ್ತು ಸಾವಿರ ಡಾಕ್ಟರುಗಳು ಹೇಳಿದ್ದಲ್ಲ. 1965ರ ಸುಮಾರಿಗೆ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು ಅದು, ಹತ್ತು ಸಾವಿರ ಹೆಜ್ಜೆ ಮೀಟರು ಅಂತ. 2019ರಲ್ಲಿ ಸರಾಸರಿ 72 ವರ್ಷದ ಹದಿನಾರು ಸಾವಿರ ಅಮೆರಿಕನ್ ಹೆಂಗಸರನ್ನು ನೋಡಿದಾಗ, 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರು ಸಾಯುವುದು ಸಾಕಷ್ಟು ಕಮ್ಮಿ ಇತ್ತು, 7,500 ದಾಟಿದ ಮೇಲೆ ಹೆಚ್ಚೇನೂ ಲಾಭ ಕಾಣಲಿಲ್ಲ. ಗಡಿಯಾರದ ಗುರಿ ಇಳಿಸಿಕೊಳ್ಳಿ ಸಾರ್, ಸೆಟ್ಟಿಂಗಿನಲ್ಲಿ ಇರುತ್ತದೆ, ಮೊಮ್ಮಗನಿಗೆ ಗೊತ್ತಿರುತ್ತದೆ.

ಮಳೆಗಾಲದಲ್ಲಿ ಏನು ಮಾಡುವುದು ಅಂತ ಇನ್ನೊಬ್ಬರು. ಮಲೆನಾಡಿನವರ ನ್ಯಾಯವಾದ ಪ್ರಶ್ನೆ. ಪಡಸಾಲೆ ಇದ್ದವರು ಪಡಸಾಲೆಯಲ್ಲಿ, ಇಲ್ಲದವರು ಅಡುಗೆಮನೆಯಿಂದ ಬಾಗಿಲ ತನಕ. ಹತ್ತೇ ನಿಮಿಷ ತಾನೇ. ಟಿವಿ ನೋಡಿಕೊಂಡೇ ನಿಂತಲ್ಲೇ ಹೆಜ್ಜೆ ಹಾಕಿ, ಜಾಹೀರಾತು ಬಂದಾಗ ಕೂರಿ, ಈಗ ಮಾಡುತ್ತಿರುವುದರ ಉಲ್ಟಾ. ಪಾಚಿ ಕಟ್ಟಿದ ಅಂಗಳಕ್ಕೆ ಮಾತ್ರ ಕಾಲಿಡಬೇಡಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರಮ್ಮ ಎದ್ದು ನಿಂತರು. "ನಮ್ಮೆಜಮಾನ್ರು ಇವತ್ತು ಬಂದಿಲ್ಲ ಡಾಕ್ಟ್ರೇ. ಊಟ ಮಾಡಿದ್ದೇ ಮಲಗ್ತಾರೆ, ನನ್ನ ಮಾತು ಕೇಳಲ್ಲ. ಅವರಿಗೊಂದು ಚೀಟಿ ಬರೆದುಕೊಡಿ, ತೋರಿಸ್ತೀನಿ" ಅಂದರು. ಎಲ್ಲರೂ ನಕ್ಕರು. ನಾನು ಹೇಳಿದೆ, "ನೋಡದೆ ಮಾತ್ರೆ ಬರೆಯಲ್ಲಮ್ಮ, ಇದನ್ನೂ ಬರೆಯಲ್ಲ. ಕರ್ಕೊಂಡು ಬನ್ನಿ."

ಮುಂದಿನ ವಾರ ಕರೆದುಕೊಂಡು ಬಂದರು. ಊಟ ಆದ ಮೇಲೆ ಯಾಕೆ ಮಲಗುತ್ತೀರಿ ಯಜಮಾನರೇ ಅಂತ ಕೇಳಿದರೆ, ಉಂಡು ನಡೆದರೆ ಎದೆ ಹಿಡಿದ ಹಾಗಾಗುತ್ತದೆ, ಮನೆಯವರಿಗೆ ಹೇಳಿಲ್ಲ ಅಂದರು. ಇಸಿಜಿ ಮಾಡಿ ಹೃದಯದ ಡಾಕ್ಟರ ಹತ್ತಿರ ಕಳಿಸಿದ್ದೇನೆ. ಚೀಟಿ ಇನ್ನೂ ಬರೆದಿಲ್ಲ.